ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಅಂಕಿ ಕೂರುತ್ತಿಲ್ಲವೇ? ಕೀಬೋರ್ಡ್ ಎಸೆಯುವ ಮೊದಲು ಇಷ್ಟು ನೋಡಿ

"ಅಣ್ಣ, ಅಗಲ ಕೊಟ್ರೆ ತಗೊಳ್ತಾನೇ ಇಲ್ಲ ಕಣಣ್ಣ. ಕೀಬೋರ್ಡ್ ಹೋಗೈತೆ ಅನ್ಸುತ್ತೆ."

ಹಿರೇಗುಂಟನೂರಿನ ನಮ್ಮ ಅಂಗಡಿಯಲ್ಲಿ ಡಿಟಿಪಿ ಮಾಡುವ ಹುಡುಗಿ ಹೀಗೆ ಹೇಳಿದಾಗ ಜಾತ್ರೆಗೆ ನಾಲ್ಕು ದಿನ ಬಾಕಿ ಇತ್ತು. ಇಪ್ಪತ್ತು ಅಡಿ ಅಗಲದ ಫ್ಲೆಕ್ಸ್. ಕೋರಲ್‌ಡ್ರಾ ತೆರೆದು ಅಗಲದ ಬಾಕ್ಸ್‌ನಲ್ಲಿ 240 ಇಂಚು ಕೊಡಬೇಕು. ಅವಳು ಕೊಡುತ್ತಿದ್ದಳು, ಎಂಟರ್ ಒತ್ತುತ್ತಿದ್ದಳು, ಅದು ಹಳೇ ಅಳತೆಗೇ ವಾಪಸ್ ಹೋಗುತ್ತಿತ್ತು. ಬೆಳಗ್ಗೆಯಿಂದ ಎರಡು ಸಲ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದ್ದಾಯಿತು. ದುರ್ಗಕ್ಕೆ ಹೋಗುತ್ತಿದ್ದವರೊಬ್ಬರ ಕೈಯಲ್ಲಿ ಹೊಸ ಕೀಬೋರ್ಡಿಗೆ ದುಡ್ಡು ಕೊಟ್ಟು ಕಳಿಸಿದ್ದೂ ಆಗಿತ್ತು.

ನಾನು ಹೋಗಿ ನೋಡಿದರೆ ಬಾಕ್ಸ್‌ನಲ್ಲಿ ಇದ್ದದ್ದು ೨೪೦. ಅದಕ್ಕೆ ಸ್ವಲ್ಪ ಮೊದಲು ಅವಳು ದೇವರ ಹೆಸರು, ಸಮಿತಿಯವರ ಹೆಸರು ಎಲ್ಲ ಕನ್ನಡದಲ್ಲಿ ಟೈಪ್ ಮಾಡಿದ್ದಳು. ಭಾಷೆ ಬದಲಿಸುವುದು ಮರೆತಿತ್ತು. ಕೀಬೋರ್ಡ್ ಚೆನ್ನಾಗಿಯೇ ಇತ್ತು. ಅವಳು ಒತ್ತಿದ ಅಂಕಿಯೂ ಸರಿಯಾಗಿಯೇ ಇತ್ತು. ಆ ಬಾಕ್ಸ್‌ಗೆ ಕನ್ನಡ ಲೆಕ್ಕ ಗೊತ್ತಿರಲಿಲ್ಲ, ಅಷ್ಟೇ. ಗೊತ್ತಿಲ್ಲ ಅಂತ ಬಾಯಿ ಬಿಟ್ಟು ಹೇಳುವ ಸೌಜನ್ಯವೂ ಅದಕ್ಕಿರಲಿಲ್ಲ.

ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಲಗ್ನಪತ್ರಿಕೆ, ರಸೀದಿ ಪುಸ್ತಕ, ಫ್ಲೆಕ್ಸ್, ಈಚೆಗೆ ಮನೆ ಪ್ಲಾನು. ಅಂಕಿ ಬೀಳದ ತೊಂದರೆ ನಮ್ಮಂಥ ಅಂಗಡಿಗಳಲ್ಲಿ ವಾರಕ್ಕೊಮ್ಮೆಯಾದರೂ ಬರುತ್ತದೆ. ಇದನ್ನು ಸರಿಮಾಡುವುದು ಹೇಗೆ ಅಂತ ಇಂಗ್ಲಿಷ್‌ನಲ್ಲಿ ಬೇಕಾದಷ್ಟಿದೆ. ಆದರೆ ಅದನ್ನು ಬರೆದವರ ಮೇಜಿನ ಮೇಲೆ ಒಂದೇ ಬಗೆಯ ಅಂಕಿ, ನಮ್ಮ ಮೇಜಿನ ಮೇಲೆ ಎರಡು. ಅದಕ್ಕೇ ಇದನ್ನು ನಮ್ಮ ಕಡೆಯಿಂದ ಒಂದು ಸಲ ಬರೆದಿಡುತ್ತಿದ್ದೇನೆ.

ಮೊದಲು ನೋಟ್‌ಪ್ಯಾಡ್

ಏನೇ ಆಗಲಿ, ಮೊದಲು ನೋಟ್‌ಪ್ಯಾಡ್ ತೆರೆಯಿರಿ. ಮೇಲಿನ ಸಾಲಿನ ಅಂಕಿಗಳನ್ನು 1ರಿಂದ 0ವರೆಗೆ ಒತ್ತಿ. ಆಮೇಲೆ ಬಲಗಡೆಯ ನಂಬರ್ ಪ್ಯಾಡ್‌ನಲ್ಲೂ ಹಾಗೇ ಒತ್ತಿ. ಅರ್ಧ ನಿಮಿಷದ ಕೆಲಸ, ಆದರೆ ಅರ್ಧ ರೋಗ ಇಲ್ಲೇ ಸಿಕ್ಕಿಬೀಳುತ್ತದೆ.

ನಂಬರ್ ಪ್ಯಾಡ್ ಸರಿಯಾಗಿ ಅಂಕಿ ಕೊಟ್ಟು, ಮೇಲಿನ ಸಾಲು ಕನ್ನಡ ಅಂಕಿ ಕೊಟ್ಟರೆ ತೊಂದರೆ ಭಾಷೆಯದು. ಏಕೆಂದರೆ ವಿಂಡೋಸ್‌ನಲ್ಲಿ ಭಾಷೆ ಯಾವುದೇ ಇದ್ದರೂ ನಂಬರ್ ಪ್ಯಾಡ್ ಸಾಮಾನ್ಯವಾಗಿ ಇಂಗ್ಲಿಷ್ ಅಂಕಿಯನ್ನೇ ಕಳಿಸುತ್ತದೆ. ಮೇಲಿನ ಸಾಲು ಸರಿ ಇದ್ದು ನಂಬರ್ ಪ್ಯಾಡ್ ಸುಮ್ಮನಿದ್ದರೆ ಅದು ನಮ್ ಲಾಕ್ ಕಥೆ. ಎರಡೂ ಕಡೆ ಸರಿಯಾಗಿ ಬಿದ್ದು ಕೋರಲ್‌ಡ್ರಾದಲ್ಲೋ ಆಟೋಕ್ಯಾಡ್‌ನಲ್ಲೋ ಮಾತ್ರ ಬೀಳದಿದ್ದರೆ ಕೀಬೋರ್ಡನ್ನು ಬಿಡಿ, ಸಾಫ್ಟ್‌ವೇರ್ ಆ ಅಂಕಿಯನ್ನು ಏನಂತ ತಿಳಿಯುತ್ತಿದೆ ಅನ್ನುವುದನ್ನು ನೋಡಬೇಕು. ನೋಟ್‌ಪ್ಯಾಡ್‌ನಲ್ಲೂ ಒಂದೆರಡು ಕೀ ಮಾತ್ರ ಕೆಲಸ ಮಾಡದಿದ್ದರೆ ಆಗ ಧೂಳು, ಸವೆತ. ಅದಿರು ಲಾರಿ ಓಡಾಡುವ ರಸ್ತೆ ಪಕ್ಕದ ಅಂಗಡಿಗೆ ಧೂಳಿನ ವಿಷಯ ಬೇರೆ ಹೇಳಬೇಕಿಲ್ಲ. ಅನುಮಾನವಿದ್ದರೆ ವಿಂಡೋಸ್ ಕೀ, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಿ. ಪರದೆಯ ಮೇಲೆ ಒಂದು ಕೀಬೋರ್ಡ್ ಮೂಡುತ್ತದೆ. ನೀವು ನಿಜವಾದ ಕೀ ಒತ್ತಿದಾಗ ಅದರಲ್ಲಿ ಆ ಕೀ ಹೊಳೆಯದಿದ್ದರೆ ಒಳಗೆ ಏನೂ ತಲುಪುತ್ತಿಲ್ಲ ಅಂತ ಅರ್ಥ. ಹೊಸ ಕೀಬೋರ್ಡಿಗೆ ದುಡ್ಡು ಕಳಿಸಬೇಕಾದ್ದು ಆಗ.

49 ಮತ್ತು 3303

ಕನ್ನಡ ಅಂಕಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮವರಿಗೆ ಹೆಚ್ಚು ಕಾಡುವುದು ಇದೇ.

ಕಂಪ್ಯೂಟರಿನ ಒಳಗೆ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಸಂಖ್ಯೆ ಇದೆ. ಇಂಗ್ಲಿಷಿನ 1ಕ್ಕೆ 49. ಯೂನಿಕೋಡ್‌ನಲ್ಲಿ ಕನ್ನಡದ ೧ಕ್ಕೆ 3303. ನಮ್ಮ ಕಣ್ಣಿಗೆ ಎರಡೂ ಒಂದೇ. ಆದರೆ ಅಳತೆಯ ಬಾಕ್ಸ್ ಬರೆದ ಪ್ರೋಗ್ರಾಮರ್ 48ರಿಂದ 57ರವರೆಗಿನ ಸಂಕೇತ ಬಂದರೆ ಮಾತ್ರ ಅಂಕಿ ಅಂತ ಹೇಳಿಟ್ಟಿದ್ದರೆ, 3303 ಅದರ ಪಾಲಿಗೆ 'ಕ' ಅನ್ನೋ ಅಕ್ಷರ ಇದ್ದಹಾಗೆ. ಅಗಲದ ಬಾಕ್ಸ್‌ನಲ್ಲಿ 'ಕಮಲ' ಅಂತ ಹೊಡೆದರೆ ಅದು ಏನು ಮಾಡುತ್ತದೋ ೨೪೦ ಹೊಡೆದಾಗಲೂ ಅದನ್ನೇ ಮಾಡುತ್ತದೆ.

ಇಲ್ಲಿ ಒಂದು ತಿರುವು ಇದೆ. ನಮ್ಮಲ್ಲಿ ಅರ್ಧಕ್ಕರ್ಧ ಕೆಲಸ ಈಗಲೂ ಹಳೇ ಆಸ್ಕಿ ಫಾಂಟುಗಳಲ್ಲಿ ನಡೆಯುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರು 1998ರಲ್ಲಿ ತಂದ ಬರಹ, ಇವೆರಡೂ ಬಂದ ಕಾಲಕ್ಕೆ ಪೇಜ್‌ಮೇಕರ್‌ನಂಥ ಸಾಫ್ಟ್‌ವೇರ್‌ಗೆ ಯೂನಿಕೋಡ್ ಗೊತ್ತಿರಲಿಲ್ಲ. 2001ರಲ್ಲಿ ಬಂದ ಪೇಜ್‌ಮೇಕರ್ 7ಕ್ಕೂ ಗೊತ್ತಿರಲಿಲ್ಲ, ಅದರ ಮುಂದಿನ ಆವೃತ್ತಿ ಬರಲೇ ಇಲ್ಲ. ಹಾಗಾಗಿ ಇಂಗ್ಲಿಷ್ ಸಂಕೇತಗಳ ಮೇಲೆಯೇ ಕನ್ನಡ ಚಿತ್ರಗಳನ್ನು ಕೂರಿಸಿ ಕೆಲಸ ನಡೆಸಿದೆವು. ಗಮನಿಸಿದ್ದೀರೋ ಇಲ್ಲವೋ, ನುಡಿಯ ಫಾಂಟುಗಳ ಹೆಸರಿನ ಕೊನೆಯಲ್ಲಿ 'ಇ' ಅಥವಾ 'ಕೆ' ಅಂತ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. 'ಇ' ಇದ್ದರೆ ಅಂಕಿ ಇಂಗ್ಲಿಷಿನದು, 'ಕೆ' ಇದ್ದರೆ ಕನ್ನಡದ್ದು. ಆಸ್ಕಿ ಫಾಂಟಿನಲ್ಲಿ ನೀವು ಒತ್ತುವ ಕೀ ಅದೇ, ಒಳಗೆ ಹೋಗುವ ಸಂಕೇತವೂ ಅದೇ 49. ಬದಲಾಗುವುದು ಚಿತ್ರ ಮಾತ್ರ.

ಇದರಿಂದ ಆಗುವ ಗೊಂದಲ ನೋಡಿ. ಒಂದು ಪುಟದಲ್ಲಿ 'ಕೆ' ಫಾಂಟಿನ ೧೨ ಇದೆ, ಇನ್ನೊಂದರಲ್ಲಿ ಯೂನಿಕೋಡಿನ ೧೨ ಇದೆ. ಪರದೆಯ ಮೇಲೆ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಮೊದಲನೆಯದನ್ನು ಕಾಪಿ ಮಾಡಿ ಅಳತೆಯ ಬಾಕ್ಸ್‌ಗೆ ಹಾಕಿದರೆ 12 ಅಂತ ಕೂರುತ್ತದೆ. ಎರಡನೆಯದನ್ನು ಹಾಕಿದರೆ ಕೂರುವುದಿಲ್ಲ. "ನಿನ್ನೆ ಆಗ್ತಿತ್ತು, ಇವತ್ತು ಆಗ್ತಿಲ್ಲ" ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ. ಪರೀಕ್ಷೆ ಸುಲಭ. ಆ ಅಂಕಿಯನ್ನು ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಅಲ್ಲಿ ಇಂಗ್ಲಿಷ್ ಅಂಕಿಯಾದರೆ ಅದು ಆಸ್ಕಿ, ಕನ್ನಡವಾಗಿಯೇ ಉಳಿದರೆ ಯೂನಿಕೋಡ್.

ಪರಿಹಾರ ಏನು ಅಂದರೆ, ಬಾಕ್ಸ್‌ಗೆ ಹೋಗುವ ಮೊದಲು ಭಾಷೆ ಬದಲಿಸುವುದು. ವಿಂಡೋಸ್‌ನದ್ದೇ ಕನ್ನಡ ಕೀಬೋರ್ಡ್ ಆದರೆ ವಿಂಡೋಸ್ ಕೀ ಮತ್ತು ಸ್ಪೇಸ್ ಬಾರ್. ನುಡಿ ಬಳಸುವವರು ಸ್ಕ್ರೋಲ್ ಲಾಕ್ ಒತ್ತುತ್ತಾರೆ. ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ತಗುಲಿದರೂ ವಿಂಡೋಸ್ ಭಾಷೆ ಬದಲಿಸಿಬಿಡುತ್ತದೆ. ಡಿಸೈನ್ ಕೆಲಸದಲ್ಲಿ ಆ ಎರಡು ಕೀಗಳ ಮೇಲೆ ಬೆರಳು ಸದಾ ಇರುವುದರಿಂದ "ನಾನು ಏನೂ ಮುಟ್ಟೇ ಇಲ್ಲ ಅಣ್ಣ" ಅನ್ನುವುದು ಸುಳ್ಳಲ್ಲ. ವಿಂಡೋಸ್‌ನ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಪ್ರತಿ ಕಿಟಕಿಗೂ ಬೇರೆ ಭಾಷೆ ಇಟ್ಟುಕೊಳ್ಳುವ ಆಯ್ಕೆ ಇದೆ. ಅದನ್ನು ಹಾಕಿಕೊಂಡರೆ ಆಟೋಕ್ಯಾಡ್ ಇಂಗ್ಲಿಷ್‌ನಲ್ಲೇ ಇರುತ್ತದೆ, ಟೈಪಿಂಗಿನ ಕಿಟಕಿ ಕನ್ನಡದಲ್ಲೇ ಇರುತ್ತದೆ.

ಅಂದಹಾಗೆ, ಆಟೋಕ್ಯಾಡ್‌ನವರಿಗೆ ಈ ತೊಂದರೆ ಬೇಗ ಗೊತ್ತಾಗುತ್ತದೆ. ಗೆರೆ ಎಳೆಯಲಿಕ್ಕೇ ಇಂಗ್ಲಿಷ್ 'ಎಲ್' ಒತ್ತಬೇಕು. ಕನ್ನಡದಲ್ಲಿದ್ದರೆ ಮೊದಲ ಹೆಜ್ಜೆಗೇ ಎಡವುತ್ತಾರೆ. ಕೋರಲ್‌ಡ್ರಾದಲ್ಲಿ ಎಲ್ಲ ಮೌಸ್‌ನಲ್ಲೇ ನಡೆಯುವುದರಿಂದ ಅಳತೆ ಕೊಡುವ ಗಳಿಗೆವರೆಗೂ ತಿಳಿಯುವುದಿಲ್ಲ.

ಇದನ್ನೆಲ್ಲ ಕೇಳಿದ ಕೆಲವರು "ಹಾಗಾದರೆ ಕನ್ನಡ ಅಂಕಿ ಯಾಕೆ ಬೇಕು, ಬಿಟ್ಟಾಕಿ" ಅನ್ನುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಗೆ ೩೬ ಅಂತ ಕನ್ನಡದಲ್ಲೇ ಕೊಟ್ಟು ಸಂಖ್ಯೆಯಾಗಿ ಓದು ಅಂದರೆ ತಕರಾರಿಲ್ಲದೆ 36 ಅಂತ ಓದಿಕೊಳ್ಳುತ್ತದೆ. ಏಕೆಂದರೆ ೩ರ ಬೆಲೆ ಮೂರು, ೬ರ ಬೆಲೆ ಆರು ಅಂತ ಯೂನಿಕೋಡ್ ಪಟ್ಟಿಯಲ್ಲೇ ನಮೂದಾಗಿದೆ. ಯಾರಿಗೂ ದುಡ್ಡು ಕೊಡದೆ ಸಿಗುವ ಭಾಷೆಗೆ ಸಾಧ್ಯವಾದದ್ದು, ವರ್ಷವರ್ಷ ಬಾಡಿಗೆ ವಸೂಲಿ ಮಾಡುವ ಡಿಸೈನ್ ಸಾಫ್ಟ್‌ವೇರ್‌ಗೆ ಯಾಕೆ ಸಾಧ್ಯವಿಲ್ಲ? ಕನಿಷ್ಠ "ಇದು ನನಗೆ ತಿಳಿಯದ ಅಂಕಿ" ಅಂತ ಒಂದು ಸಾಲು ತೋರಿಸಿದರೂ ನಮ್ಮ ಹುಡುಗಿ ಅರ್ಧ ದಿನ ತನ್ನನ್ನು ತಾನೇ ಬೈದುಕೊಳ್ಳುತ್ತಿರಲಿಲ್ಲ. ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ, 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು. ಅದರಲ್ಲಿ 256 ಅನ್ನುವ ಸಂಖ್ಯೆಯನ್ನು ಇನ್ನೂರಕ್ಕೊಂದು, ಐವತ್ತಕ್ಕೊಂದು, ಆರಕ್ಕೊಂದು ಗುರುತು ಹಾಕಿ ಕೆತ್ತಿದ್ದಾರೆ. ಅಂಕಿಯ ರೂಪ ಬದಲಾಗುತ್ತಲೇ ಬಂದಿದೆ. ಓದುವವನು ಹೊಂದಿಕೊಂಡಿದ್ದಾನೆ. ಇಲ್ಲಿ ಮಾತ್ರ ಓದಬೇಕಾದ ಯಂತ್ರ ಹಟ ಹಿಡಿದಿದೆ, ಬರೆಯುವವರು ಹೊಂದಿಕೊಳ್ಳಬೇಕಾಗಿದೆ.

ಆದರೂ ಇವತ್ತಿನ ಕೆಲಸ ಇವತ್ತೇ ಆಗಬೇಕಲ್ಲ. ಓದುಗರು ಕಾಣುವ ಕಡೆ ಕನ್ನಡ ಅಂಕಿ, ಅಳತೆಯ ಬಾಕ್ಸ್‌ನಲ್ಲಿ ಇಂಗ್ಲಿಷ್ ಅಂಕಿ. ನಮ್ಮ ಅಂಗಡಿಯ ನಿಯಮ ಇದು.

ನಮ್ ಲಾಕ್ ಮತ್ತು ಐನೂರು ಪತ್ರಿಕೆ

ನಾನು ಹುಡುಗನಾಗಿದ್ದಾಗ ಒಂದು ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದೆ. ಹೆಸರು ಬೇಡ. ಲಗ್ನದ ಸೀಸನ್. ಹೊಸ ಪತ್ರಿಕೆ ಮಾಡುವುದು ಅಂದರೆ ಹಳೇ ಪತ್ರಿಕೆಯ ಫೈಲ್ ತೆರೆದು ಹೆಸರು, ತಾರೀಖು, ಛತ್ರ ಬದಲಿಸುವುದು. ಅವತ್ತು 12 ಇದ್ದ ಕಡೆ 16 ಮಾಡಬೇಕಿತ್ತು. ಡಬಲ್ ಕ್ಲಿಕ್ ಮಾಡಿ 12ನ್ನು ಹಿಡಿದೆ, ಕೈಬರಹದ ಚೀಟಿ ನೋಡುತ್ತಾ ನಂಬರ್ ಪ್ಯಾಡ್‌ನಲ್ಲಿ 1, 6 ಒತ್ತಿದೆ, ಮುಂದಕ್ಕೆ ಹೋದೆ. ಸ್ವಲ್ಪ ಹೊತ್ತಿನ ಮುಂಚೆ ಕರೆಂಟ್ ಹೋಗಿ ಬಂದಿತ್ತು. ಕಂಪ್ಯೂಟರ್ ಮತ್ತೆ ಆನ್ ಆದಾಗ ನಮ್ ಲಾಕ್ ಆಫ್ ಆಗಿತ್ತು. ನಾನು ನೋಡಿರಲಿಲ್ಲ.

ನಮ್ ಲಾಕ್ ಆಫ್ ಇದ್ದಾಗ ನಂಬರ್ ಪ್ಯಾಡ್‌ನ 1 ಅಂದರೆ ಎಂಡ್, ಕರ್ಸರ್ ಸಾಲಿನ ಕೊನೆಗೆ ಹೋಗುತ್ತದೆ. 6 ಅಂದರೆ ಬಲಗಡೆಯ ಬಾಣ. ಹಿಡಿದಿದ್ದ 12 ಕೈಬಿಟ್ಟಿತು, ಅಳಿಯಲಿಲ್ಲ. ವಾರ ಬದಲಾಯಿತು, ವಧೂವರರು ಬದಲಾದರು, ತಾರೀಖು ಮಾತ್ರ ಬೇರೆ ಯಾರದ್ದೋ ಮದುವೆಯದ್ದು ಉಳಿಯಿತು. ಐನೂರು ಪತ್ರಿಕೆ ಅಚ್ಚಾದವು. ಹೆಣ್ಣಿನ ತಂದೆ ಅಂಗಡಿಗೆ ಬಂದು ಕೂಗಾಡಲಿಲ್ಲ, ಅದೇ ಕಷ್ಟ. ಪತ್ರಿಕೆಯನ್ನು ಮೇಜಿನ ಮೇಲಿಟ್ಟು ತಾರೀಖಿನ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ನಿಂತರು. ಮತ್ತೆ ಅಚ್ಚು ಹಾಕಿದ ಖರ್ಚು ನನ್ನ ಸಂಬಳದಲ್ಲಿ ಎರಡು ತಿಂಗಳು ಮುರಿದುಕೊಂಡರು. "ಕಣ್ಣು ಎಲ್ಲಿತ್ತೋ" ಅಂತ ಕೇಳಿದರು. ಚೀಟಿಯ ಮೇಲಿತ್ತು. ಟೈಪ್ ಮಾಡುವವನ ಕಣ್ಣು ಇರಬೇಕಾದ್ದೇ ಅಲ್ಲಿ.

ಆವತ್ತಿನಿಂದ ಆ ಪುಟ್ಟ ದೀಪದ ಮೇಲೆ ನನಗೆ ಭಯಭಕ್ತಿ. ನಂಬರ್ ಪ್ಯಾಡ್‌ನ ಬೇರೆ ಕೀಗಳ ಇನ್ನೊಂದು ಮುಖವನ್ನೂ ತಿಳಿದಿರಿ. 7 ಹೋಮ್, 9 ಪೇಜ್ ಅಪ್, 3 ಪೇಜ್ ಡೌನ್, 0 ಇನ್ಸರ್ಟ್, 2-4-6-8 ನಾಲ್ಕು ಬಾಣ, 5ಕ್ಕೆ ಕೆಲಸವಿಲ್ಲ. ಚುಕ್ಕಿ ಅಂದರೆ ಡಿಲೀಟ್. ಈ ಕೊನೆಯದೇ ಘಾತಕ. ಕೋರಲ್‌ಡ್ರಾದಲ್ಲಿ ಒಂದು ಚಿತ್ರವನ್ನು ಹಿಡಿದು, ಕರ್ಸರ್ ಬಾಕ್ಸ್‌ನೊಳಗೆ ಹೋಗಿದೆ ಅಂದುಕೊಂಡು 12.5 ಒತ್ತಿದಿರಿ ಅನ್ನಿ. 2 ಆ ಚಿತ್ರವನ್ನು ಒಂದಿಷ್ಟು ಕೆಳಕ್ಕೆ ಜರುಗಿಸುತ್ತದೆ, ಚುಕ್ಕಿ ಅದನ್ನು ಅಳಿಸಿಯೇ ಬಿಡುತ್ತದೆ. "ಫೋಟೋ ಮಾಯ ಆಯ್ತು" ಅಂತ ಫೋನ್ ಬಂದರೆ ನಾನು ಮೊದಲು ಕೇಳುವುದು ನಮ್ ಲಾಕ್ ದೀಪ ಹತ್ತಿದೆಯಾ ಅಂತ. ಕಂಟ್ರೋಲ್ ಝಡ್ ಒತ್ತಿದರೆ ವಾಪಸ್ ಬರುತ್ತದೆ, ಆದರೆ ಕಾಣೆಯಾದದ್ದು ಗೊತ್ತಾಗಬೇಕಲ್ಲ.

ಬೇರೆ ಊರಿನವರು ಎನಿಡೆಸ್ಕ್ ಹಾಕಿಕೊಂಡು ನಿಮ್ಮ ಕಂಪ್ಯೂಟರಿನಲ್ಲಿ ಕೆಲಸ ಮಾಡುವಾಗ ಎರಡು ಕಡೆಯ ನಮ್ ಲಾಕ್ ಒಂದಕ್ಕೊಂದು ತಾಳೆಯಾಗದೆ ಹೋಗಬಹುದು. ಇಲ್ಲಿ ದೀಪ ಹತ್ತಿದ್ದರೂ ಅಲ್ಲಿ ಆಫ್. ಹಳೇ ಚಿಕ್ಕ ಲ್ಯಾಪ್‌ಟಾಪುಗಳಲ್ಲಿ ಇನ್ನೊಂದು ಕಾಟ. ಅವುಗಳಲ್ಲಿ ಪ್ರತ್ಯೇಕ ನಂಬರ್ ಪ್ಯಾಡ್ ಇಲ್ಲದ ಕಾರಣ ಜೆ-ಕೆ-ಎಲ್ ಕೀಗಳಿಗೆ 1-2-3, ಯು-ಐ-ಓ ಕೀಗಳಿಗೆ 4-5-6 ಅಂತ ಹಂಚಿದ್ದರು. ನಮ್ ಲಾಕ್ ಆನ್ ಆದರೆ ಅಕ್ಷರ ಒತ್ತಿದ ಕಡೆ ಅಂಕಿ ಬೀಳುತ್ತದೆ. ಎಫ್‌ಎನ್ ಜೊತೆ ನಮ್ ಲಾಕ್ ಒತ್ತಿದರೆ ಸರಿಹೋಗುತ್ತದೆ.

ನಂಬರ್ ಪ್ಯಾಡ್ ಒತ್ತಿದರೆ ಮೌಸ್‌ನ ಬಾಣ ಓಡಾಡುತ್ತಿದ್ದರೆ ಗಾಬರಿ ಬೇಡ. ಎಡ ಆಲ್ಟ್, ಎಡ ಶಿಫ್ಟ್, ನಮ್ ಲಾಕ್ ಮೂರೂ ಒಟ್ಟಿಗೆ ತಗುಲಿ ಮೌಸ್ ಕೀಸ್ ಅನ್ನುವ ಸೌಲಭ್ಯ ಚಾಲೂ ಆಗಿದೆ. ಅದೇ ಮೂರನ್ನು ಮತ್ತೆ ಒತ್ತಿ. ಕೈ ನಡುಗುವವರಿಗೆ, ಮೌಸ್ ಹಿಡಿಯಲಾಗದವರಿಗೆ ಒಳ್ಳೆಯ ಸೌಲಭ್ಯ. ಗೊತ್ತಿಲ್ಲದೆ ಚಾಲೂ ಆದರೆ ದೆವ್ವ.

ಅದರ ಅಣ್ಣ ಫಿಲ್ಟರ್ ಕೀಸ್. ಬಲಗಡೆಯ ಶಿಫ್ಟನ್ನು ಎಂಟು ಸೆಕೆಂಡು ಒತ್ತಿ ಹಿಡಿದರೆ ಒಂದು ಪ್ರಶ್ನೆ ಮೂಡುತ್ತದೆ, ಅವಸರದಲ್ಲಿ ಎಸ್ ಅಂದುಬಿಡುತ್ತೇವೆ. ಆಮೇಲೆ ಬೇಗ ಬೇಗ ಎರಡು ಸಲ ಒತ್ತಿದ ಕೀಯನ್ನು ವಿಂಡೋಸ್ ಕೈನಡುಕ ಅಂತ ತಿಳಿದು ಒಂದೇ ಸಲ ಲೆಕ್ಕಕ್ಕೆ ಹಿಡಿಯಬಹುದು. 100 ಹೊಡೆದರೆ 10. 1500 ಹೊಡೆದರೆ 150. ರಸೀದಿ ಪುಸ್ತಕ ಮಾಡುವವರು ಇದನ್ನು ನೆನಪಿಡಿ. ಸೊನ್ನೆ, ಹನ್ನೊಂದು, ಇಪ್ಪತ್ತೆರಡು ಹೀಗೆ ಒಂದೇ ಅಂಕಿ ಜೋಡಿಯಾಗಿ ಬರುವ ಕಡೆ ಮಾತ್ರ ತಪ್ಪುತ್ತಿದ್ದರೆ ಅನುಮಾನವೇ ಬೇಡ, ಇದೇ.

ಅಂಕಿ ಬಿತ್ತು, ಬೇರೆ ಕಡೆ ಬಿತ್ತು

ಫೋಟೋಶಾಪ್‌ನಲ್ಲಿ ಕರ್ಸರ್ ಯಾವ ಬಾಕ್ಸ್‌ನಲ್ಲೂ ಇಲ್ಲದಾಗ ಅಂಕಿ ಒತ್ತಿದರೆ ಅದು ಲೇಯರಿನ ಓಪಾಸಿಟಿ ಬದಲಿಸುತ್ತದೆ. 5 ಅಂದರೆ ಐವತ್ತು ಪರ್ಸೆಂಟ್. ಬೇಗ ಬೇಗ 4, 5 ಒತ್ತಿದರೆ ನಲವತ್ತೈದು. ಫ್ಲೆಕ್ಸ್‌ನಲ್ಲಿ ಅಧ್ಯಕ್ಷರ ಮುಖ ಇದ್ದಕ್ಕಿದ್ದಂತೆ ಮಂಕಾದರೆ ಅದು ವಿರೋಧ ಪಕ್ಷದವರ ಕೈವಾಡವಲ್ಲ. ಲೇಯರ್ ಹಿಡಿದು 0 ಒತ್ತಿ, ಪೂರ್ತಿ ನೂರಕ್ಕೆ ಬರುತ್ತದೆ. ಬ್ರಷ್ ಕೈಯಲ್ಲಿದ್ದಾಗ ಅಂಕಿ ಒತ್ತಿದರೆ ಬ್ರಷ್ಷಿನ ಓಪಾಸಿಟಿ ಬದಲಾಗುತ್ತದೆ.

ಇಲ್ಲಸ್ಟ್ರೇಟರ್‌ನಲ್ಲಿ ಇಪ್ಪತ್ತು ಅಡಿಯ ಫ್ಲೆಕ್ಸ್ ಮಾಡಲು ಹೋಗಿ 240 ಇಂಚು ಕೊಟ್ಟು ಬೈಸಿಕೊಂಡವರಿದ್ದಾರೆ. ಅಲ್ಲಿ ಕೀಬೋರ್ಡಿನದ್ದೂ ತಪ್ಪಿಲ್ಲ, ಭಾಷೆಯದ್ದೂ ಇಲ್ಲ. ಅದರ ಆರ್ಟ್‌ಬೋರ್ಡಿನ ಮಿತಿ ಬಹಳ ಕಾಲ ಸುಮಾರು 227 ಇಂಚೇ ಇತ್ತು. ಹಳೇ ಆವೃತ್ತಿ ಇಟ್ಟುಕೊಂಡವರು ಹತ್ತನೇ ಒಂದು ಅಳತೆಯಲ್ಲಿ, ಅಂದರೆ 24 ಇಂಚಿನಲ್ಲಿ ಮಾಡಿ ಪ್ರಿಂಟರ್‌ಗೆ ಹತ್ತುಪಟ್ಟು ಅಂತ ಹೇಳಬೇಕು. ಇನ್‌ಡಿಸೈನ್‌ನಲ್ಲಿ ಪ್ಯಾರಾ ಸ್ಟೈಲ್‌ಗೆ ಶಾರ್ಟ್‌ಕಟ್ ಕೊಡಲು ಮೇಲಿನ ಸಾಲಿನ ಅಂಕಿ ನಡೆಯುವುದಿಲ್ಲ. ಕಂಟ್ರೋಲ್ ಅಥವಾ ಶಿಫ್ಟ್ ಜೊತೆ ನಂಬರ್ ಪ್ಯಾಡ್‌ನದ್ದೇ ಆಗಬೇಕು, ನಮ್ ಲಾಕ್ ಆನ್ ಇರಬೇಕು.

ರೂಪಾಯಿ ಗುರುತು ಕೂಡ ಅಂಕಿಯ ಜೊತೆಗಾರ, ಅದನ್ನೂ ಹೇಳಿಬಿಡುತ್ತೇನೆ. 2010ರ ಜುಲೈನಲ್ಲಿ ₹ ಗುರುತು ಬಂದಾಗ ಮಂಗಳೂರಿನ ಫೋರೇಡಿಯನ್ ಸಂಸ್ಥೆ ತಕ್ಷಣ ಒಂದು ಫಾಂಟ್ ಮಾಡಿ ಹಂಚಿತು. 1ರ ಎಡಗಡೆಯ ಕೀ ಒತ್ತಿದರೆ ರೂಪಾಯಿ ಗುರುತು ಬರುತ್ತಿತ್ತು. ಆಗ ಅದೇ ದೊಡ್ಡ ಉಪಕಾರ. ಆದರೆ ಅವತ್ತಿನ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಗುರುತಿನ ಜಾಗದಲ್ಲಿ `500 ಅಂತ ಒಂದು ಓರೆ ಚುಕ್ಕೆ ಕಾಣುತ್ತದೆ. ಈಗ ಇಂಗ್ಲಿಷ್ ಇಂಡಿಯಾ ಕೀಬೋರ್ಡ್ ಹಾಕಿಕೊಂಡು ಬಲ ಆಲ್ಟ್ ಜೊತೆ 4 ಒತ್ತಿದರೆ ನಿಜವಾದ ₹ ಬರುತ್ತದೆ.

ಚುಕ್ಕಿ, ಅಲ್ಪವಿರಾಮ, ಅಡಿ, ಗುಂಟೆ

ಮನೆ ಪ್ಲಾನ್ ಮಾಡುವವರಿಗೆ ಇದು ಮುಖ್ಯ. ಆಟೋಕ್ಯಾಡ್‌ನಲ್ಲಿ ಅಲ್ಪವಿರಾಮ ಅಂದರೆ ಸಾವಿರದ ಗುರುತಲ್ಲ. 1,200 ಅಂತ ಹೊಡೆದರೆ ಅಡ್ಡಕ್ಕೆ 1, ಉದ್ದಕ್ಕೆ 200 ಇರುವ ಒಂದು ಬಿಂದು ಅಂತ ತಿಳಿಯುತ್ತದೆ. ಸಾವಿರದ ಇನ್ನೂರಕ್ಕೆ 1200 ಅಂತಲೇ ಹೊಡೆಯಿರಿ. ಸ್ಪೇಸ್ ಬಾರ್ ಅಲ್ಲಿ ಎಂಟರ್ ಇದ್ದಹಾಗೆ. ಮೂವತ್ತು ಅಡಿ ಆರು ಇಂಚಿಗೆ 30'6" ಅಂತ ಜಾಗ ಬಿಡದೆ ಕೊಡಬೇಕು. ನಡುವೆ ಸ್ಪೇಸ್ ಬಿಟ್ಟಿರೋ, ಮೂವತ್ತು ಅಡಿಗೇ ಗೆರೆ ಮುಗಿಯಿತು. ವಾಟ್ಸಾಪ್‌ನಲ್ಲೋ ವರ್ಡ್‌ನಲ್ಲೋ ಬಂದ ಅಳತೆಯನ್ನು ಕಾಪಿ ಮಾಡಿ ಹಾಕಿದರೆ ಅಡಿಯ ಗುರುತು ಬಾಗಿದ ಉದ್ಧರಣ ಚಿಹ್ನೆಯಾಗಿ ಬಂದಿರಬಹುದು, ಅದನ್ನೂ ಒಪ್ಪುವುದಿಲ್ಲ. ಕೈಯಲ್ಲೇ ಹೊಡೆಯಿರಿ.

ಯೂನಿಟ್ಸ್ ಆರ್ಕಿಟೆಕ್ಚರಲ್‌ಗೆ ಇಟ್ಟಿದ್ದರೆ ಬರಿ 30 ಅಂದರೆ ಮೂವತ್ತು ಇಂಚು, ಅಡಿಯ ಗುರುತು ಕಡ್ಡಾಯ. ಡೆಸಿಮಲ್‌ಗೆ ಇಟ್ಟಿದ್ದರೆ ಅಡಿಯ ಗುರುತು ಹಾಕಿದರೇ ತಕರಾರು. ನಮ್ಮ ಹತ್ತಿರ ಪ್ಲಾನು ಕಲಿಯಲು ಬರುವ ಹುಡುಗರು ಮೊದಲ ವಾರ ಒದ್ದಾಡುವುದೇ ಇಲ್ಲಿ. ಎಫ್12 ಒತ್ತಿ ಡೈನಾಮಿಕ್ ಇನ್‌ಪುಟ್ ಆನ್ ಇದ್ದರೆ ಎರಡನೇ ಬಿಂದುವಿಗೆ ಕೊಡುವ 30,40 ಹಿಂದಿನ ಬಿಂದುವಿನಿಂದ ಅಳೆಯುತ್ತದೆ, ಆಫ್ ಇದ್ದರೆ ಮೂಲೆಯ ಸೊನ್ನೆಯಿಂದ ಅಳೆಯುತ್ತದೆ. ಅದೇ ಅಂಕಿ, ಗೋಡೆ ಬೇರೆ ಕಡೆ.

ವಿದೇಶದಿಂದ ಬಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡಿದ್ದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ರೀಜನ್ ನೋಡಿ. ಜರ್ಮನಿ, ಫ್ರಾನ್ಸ್‌ನ ಲೆಕ್ಕದಲ್ಲಿ ದಶಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ. ಹಾಗೆ ಇದ್ದರೆ ಕೆಲವು ಸಾಫ್ಟ್‌ವೇರ್ 2.5 ಒಪ್ಪುವುದಿಲ್ಲ. ಅಡಿಷನಲ್ ಸೆಟ್ಟಿಂಗ್ಸ್‌ನೊಳಗೆ ಡೆಸಿಮಲ್ ಸಿಂಬಲ್ ಅನ್ನುವಲ್ಲಿ ಚುಕ್ಕಿ ಹಾಕಿ. ಅದೇ ಪುಟದಲ್ಲಿ ಸ್ಟ್ಯಾಂಡರ್ಡ್ ಡಿಜಿಟ್ಸ್, ಯೂಸ್ ನೇಟಿವ್ ಡಿಜಿಟ್ಸ್ ಅಂತ ಎರಡು ಸಾಲು ಇರುತ್ತವೆ. ವಿಂಡೋಸ್‌ನ ಫಾರ್ಮ್ಯಾಟನ್ನು ಕನ್ನಡಕ್ಕೆ ಇಟ್ಟುಕೊಂಡವರು ಅಲ್ಲಿ ಏನಿದೆ ಅಂತ ಒಮ್ಮೆ ನೋಡಿಕೊಳ್ಳಿ.

ಯಾವ ಕೀಬೋರ್ಡೂ ಹಿಡಿಯಲಾಗದ ತಪ್ಪು ಒಂದಿದೆ. ಪಹಣಿಯಲ್ಲಿ ಜಮೀನಿನ ವಿಸ್ತೀರ್ಣ ಎಕರೆ, ಗುಂಟೆ, ಆಣೆ ಲೆಕ್ಕದಲ್ಲಿ ಇರುತ್ತದೆ. 2.20 ಅಂದರೆ ಎರಡು ಎಕರೆ ಇಪ್ಪತ್ತು ಗುಂಟೆ. ಊರಿನ ಹೆಸರಲ್ಲೇ ಗುಂಟ ಇಟ್ಟುಕೊಂಡ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನಲವತ್ತು ಗುಂಟೆಗೆ ಒಂದು ಎಕರೆ, ಆದ್ದರಿಂದ ಅದು ಎರಡೂವರೆ ಎಕರೆ, 1,08,900 ಚದರಡಿ. ಆದರೆ ಸಾಫ್ಟ್‌ವೇರ್‌ನ ಬಾಕ್ಸ್‌ಗೆ ಅದೇ 2.20ನ್ನು ಹಾಗೇ ಕೊಟ್ಟರೆ ಅದು ದಶಾಂಶ ಅಂತ ತಿಳಿದು 95,832 ಚದರಡಿ ಮಾಡುತ್ತದೆ. ಹನ್ನೆರಡು ಗುಂಟೆ ಹೋಯಿತು. ಎಲ್ಲೂ ಕೆಂಪು ಗೆರೆ ಬರುವುದಿಲ್ಲ, ಶಬ್ದ ಬರುವುದಿಲ್ಲ, ಬಾಕ್ಸ್ ಖುಷಿಯಿಂದ ಅಂಕಿ ತೆಗೆದುಕೊಳ್ಳುತ್ತದೆ. ಅಣ್ಣತಮ್ಮಂದಿರು ಭಾಗ ಮಾಡಿಕೊಳ್ಳುವ ಮುಂಚೆ ತೋರಿಸಲು ನಕ್ಷೆ ಬರೆಸಿಕೊಂಡು ಹೋಗುತ್ತಾರೆ. ಆ ನಕ್ಷೆಯಲ್ಲಿ ಹನ್ನೆರಡು ಗುಂಟೆ ಕಡಿಮೆಯಾದರೆ ಜಗಳ ಆಗುವುದು ನಮ್ಮ ಅಂಗಡಿಯಲ್ಲಲ್ಲ, ಅವರ ಮನೆಯಲ್ಲಿ. ಗುಂಟೆಯನ್ನು 1089ರಿಂದ ಗುಣಿಸಿ ಚದರಡಿ ಮಾಡಿಕೊಂಡೇ ಒಳಗೆ ಹಾಕಿ.

ಜಾತ್ರೆಯ ಫ್ಲೆಕ್ಸ್ ಸಮಯಕ್ಕೆ ಸರಿಯಾಗಿ ಬಂತು. ದುರ್ಗದಿಂದ ಬಂದ ಹೊಸ ಕೀಬೋರ್ಡ್ ಇನ್ನೂ ಡಬ್ಬದಲ್ಲೇ ಇದೆ. ಹುಡುಗಿ ಹಳೇ ಕೀಬೋರ್ಡಿನ ನಮ್ ಲಾಕ್ ದೀಪದ ಪಕ್ಕ ಒಂದು ಕುಂಕುಮದ ಬೊಟ್ಟು ಇಟ್ಟಿದ್ದಾಳೆ, ಕಣ್ಣು ಅಲ್ಲಿಗೆ ಹೋಗಲಿ ಅಂತ. ಮೊನ್ನೆ ಒಬ್ಬರು ಲಗ್ನಪತ್ರಿಕೆ ಬರೆಸಲು ಬಂದಿದ್ದರು. ತಾರೀಖು ಕನ್ನಡ ಅಂಕಿಯಲ್ಲೇ ಇರಲಿ ಅಂದರು. ಅವಳು ೧೬ ಅಂತ ಹೊಡೆದು, ಪರದೆಯನ್ನು ಅವರ ಕಡೆ ತಿರುಗಿಸಿ, "ಹದಿನಾರು ತಾನೇ ಯಜಮಾನ್ರೇ? ನೋಡಿ ಹೇಳಿ, ಇದು ಆರು, ಒಂಬತ್ತಲ್ಲ" ಅಂದಳು. ಅವರು ಕನ್ನಡಕ ಹಾಕಿಕೊಂಡು ನೋಡಿ, ಹೌದು ಅಂದರು.